ಅಡ್ಡಸಾಲು, ಉದ್ದಸಾಲು

ನಾನು ಪೊಟ್ಟಣ ಕಟ್ಟಿದ ಕಾಗದ ಓದಿ ಅಕ್ಷರ ಕಲಿತವನು. ನನ್ನ ತಂಗಿ ಹಾಗಲ್ಲ, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ವಿಕ್ಟೋರಿಯಾ ರಾಣಿಯ ಕಾಲದ ಹೆಂಗಸರ ಬದುಕು ಕೆದಕುತ್ತ ತಲೆ ನರೆಸಿಕೊಂಡವಳು. ಸತ್ತವರ ಮನೆಯ ಸೊಸೆ ಎಂದು ರೇಗಿಸುತ್ತಿದ್ದೆ. “ವಾಸಿ ಕಣಣ್ಣ, ಅಲ್ಲಿ ಅತ್ತೆ ಕಾಟ ಇಲ್ಲ” ಅನ್ನುತ್ತಿದ್ದಳು. ಮಂಡಿ ಸವೆದರೂ ಪಾಠ ಹೇಳುವುದು ಮಾತ್ರ ನಿಂತುಕೊಂಡೇ.

ಆ ಕಾಲದ ಹೆಂಗಸರು ಅಂಚೆ ಖರ್ಚು ಉಳಿಸಲು ಒಂದು ಹಾಳೆ ತುಂಬ ಬರೆದು, ಅದನ್ನೇ ಅಡ್ಡಕ್ಕೆ ತಿರುಗಿಸಿ, ಬರೆದುದರ ಮೇಲೆಯೇ ಮತ್ತೆ ಬರೆಯುತ್ತಿದ್ದರಂತೆ. ನೋಡಿದರೆ ಹೆಣೆದ ಚಾಪೆ. ಸಿರಿವಂತರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಹೆಂಗಸು ತನ್ನ ಗೆಳತಿಗೆ ಬರೆದ ಇಂಥ ಕಾಗದಗಳ ನಕಲು ತರಿಸಿಕೊಂಡು, ಅವನ್ನು ಓದುವುದರಲ್ಲೇ ನನ್ನ ತಂಗಿ ಕಣ್ಣು ಮಂಜು ಮಾಡಿಕೊಂಡಳು. ಆ ಹೆಂಗಸಿನ ಮೇಲೆ ಪುಸ್ತಕ ಬರೆದಳು. ಬಡಪಾಯಿ ಕೊನೆಗೆ ಚಾಕರಿ ಬಿಟ್ಟು, ಅಕ್ಕನ ಮನೆಯಲ್ಲಿ ಸ್ವಂತ ಕೋಣೆ ಪಡೆದು, ಕಿಟಕಿ ಪಕ್ಕ ನೆಮ್ಮದಿಯಾಗಿ ಕೂತಳು ಎಂಬುದು ಅದರ ಕೊನೆಯ ಅಧ್ಯಾಯ. ಹುಡುಗಿಯರು ಅದನ್ನೇ ಮೆಚ್ಚಿದ್ದು. ತಂಗಿಗೆ ಹೆಸರು ಬಂದದ್ದೂ ಅದರಿಂದಲೇ.

ನಿವೃತ್ತಿಯ ವರ್ಷ ಆ ಪುಸ್ತಕ ಮತ್ತೆ ಅಚ್ಚಾಗುವುದಿತ್ತು. ಹಿಂದೆ ಅವಳ ಶಿಷ್ಯನಾಗಿದ್ದು ಈಗ ವಿಭಾಗದ ಮುಖ್ಯಸ್ಥನಾದವನು ಓಡಾಡಿ ಪ್ರಕಾಶಕರನ್ನು ಒಪ್ಪಿಸಿದ್ದ. ರಕ್ಷಾಪುಟಕ್ಕೆಂದು ಕೊನೆಯ ಕಾಗದದ ಬಣ್ಣದ ಫೋಟೋ ತರಿಸಿದರು. ಹಳೆಯ ನಕಲಿನಲ್ಲಿ ಎರಡೂ ಬರಹ ಒಂದೇ ಕಪ್ಪು. ಫೋಟೋದಲ್ಲಿ ಯಾವ ಶಾಯಿ ಯಾವುದರ ಮೇಲೆ ಹಾದಿದೆ ಎಂಬುದು ನಿಚ್ಚಳ. ಅಕ್ಕನ ಮನೆಯ ಸಾಲು ಅಡಿಯಲ್ಲಿತ್ತು, ಅಂದರೆ ಮೊದಲು ಬರೆದದ್ದು. ಕೆಲ ದಿನ ಬಿಟ್ಟು ಅದರ ಮೇಲೆ ಬರೆದದ್ದು ಮತ್ತೆ ಪರರ ಮನೆ, ಮತ್ತೆ ಯಾರದೋ ಮಕ್ಕಳು. ಯಾವುದು ಮೊದಲು ಎಂಬುದನ್ನೇ ತಂಗಿ ತಿರುವುಮುರುವಾಗಿ ಓದಿದ್ದಳು.

ಅಚ್ಚು ನಿಲ್ಲಿಸಿ ಎಂದಳು. ಮುಖ್ಯಸ್ಥ ಮನೆಗೇ ಓಡಿಬಂದ. ಈಗ ಬಿಟ್ಟರೆ ಪ್ರಕಾಶಕರು ಇನ್ನು ಮುಟ್ಟುವುದಿಲ್ಲ, ಒಂದು ಹಾಳೆಗಾಗಿ ಪುಸ್ತಕವೇ ಮುಳುಗುತ್ತದೆ ಎಂದು ಗೋಗರೆದ.

“ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗೇ ಇಲ್ಲ, ಮೇಡಂ. ನೀವ್ಯಾಕೆ ಹೆಗಲು ಮುಟ್ಕೋತೀರಿ?”

“ಹೆಗಲ ಮೇಲಿನ ಬೂದಿ ನಂಗೆ ಕಾಣ್ತಿದೆಯಲ್ಲಪ್ಪ.”

ಅವನು ಕಾಫಿ ಲೋಟ ಅರ್ಧಕ್ಕೇ ಬಿಟ್ಟು ಹೋದ. ನನಗೂ ತಡೆಯಲಿಲ್ಲ. “ಸತ್ತೋಳು ಎದ್ದು ಬಂದು ಕೇಳ್ತಾಳೇನೇ? ನಿಂಗೆ ಕಣ್ಣಿಲ್ಲ, ಮಂಡಿಯಿಲ್ಲ. ಸಾಕು ಬಿಡು.”

ಅವಳು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. “ಅವಳು ಕೊನೇವರ್ಗೂ ದುಡಿದಿದ್ದಾಳೆ ಅಣ್ಣ. ನಾನು ಕಿಟಕಿ ಪಕ್ಕ ಕೂರಿಸಿಬಿಟ್ಟೆ. ಬಹುಶಃ ಹಂಗೆ ಕೂರಬೇಕು ಅನ್ನಿಸ್ತಿದ್ದದ್ದು ನಂಗೇ.”

ಅವನು ಬಿಟ್ಟುಹೋದ ಕಾಫಿ ಲೋಟ ಎತ್ತಿ ಒಳಗಿಟ್ಟು ಬಂದೆ.

ಪುಸ್ತಕ ಮತ್ತೆ ಅಚ್ಚಾಗಲಿಲ್ಲ. ಕೊನೆಯ ಪಾಠದ ದಿನ ಆ ಫೋಟೋವನ್ನು ತರಗತಿಗೆ ಒಯ್ದು, ತಾನು ಬರೆದ ಅಧ್ಯಾಯ ಹೇಗೆ ತಪ್ಪು ಎಂದು ತೋರಿಸಿದಳಂತೆ. ಹಾಗಾದರೆ ಅವಳಿಗೆ ಆ ಕೋಣೆ ಉಳಿಯಲೇ ಇಲ್ಲವೇ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳಂತೆ.

“ಸ್ವಲ್ಪ ದಿನ ಇತ್ತಮ್ಮ. ಆಮೇಲೆ ಕೆಲಸಕ್ಕೆ ಹೋದಳು” ಎಂದು ಹೇಳಿ, ಕುರ್ಚಿ ಎಳೆದುಕೊಂಡು ಕೂತೇ ಪಾಠ ಮುಂದುವರಿಸಿದಳಂತೆ.