ಒಂದು ಬೆರಳು ಉಗುಳು

ಈಗಿನ ಕಾರುಗಳು ಚಾಡಿ ಹೇಳುವುದರಲ್ಲಿ ಎತ್ತಿದ ಕೈ. ಬೆಲ್ಟು ಹಾಕಿಲ್ಲ, ಬಾಗಿಲು ಸರಿಯಾಗಿ ಮುಚ್ಚಿಲ್ಲ ಎಂದು ಕುಂಯ್‌ಗುಡುತ್ತಲೇ ಇರುತ್ತವೆ. ಇವತ್ತು ಬೆಳಗ್ಗೆ ನನ್ನ ಕಾರಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು: ಟೈರಿನಲ್ಲಿ ಗಾಳಿ ಕಡಿಮೆ. ನೋಡುತ್ತಿದ್ದಂತೆ ನನಗೆ ಮೈಯೆಲ್ಲ ಉರಿಯಿತು. ಗಾಳಿ ಇಳಿದದ್ದಕ್ಕೂ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಆಗುತ್ತೇನೆ. ಅದಕ್ಕೊಂದು ಹಳೆಯ ಕಾರಣವಿದೆ.

ಹೈದರಾಬಾದಿನಲ್ಲಿ ಕಂಡಕಂಡವರೆಲ್ಲ ಕಂಪ್ಯೂಟರ್ ಕೋರ್ಸು ಸೇರುತ್ತಿದ್ದ ದಿನಗಳವು. ನನ್ನ ಗಂಡನಿಗೆ ಮಾದಾಪುರದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಮೆರಿಕ ಎದ್ದಾಗ ಇವರು ಏಳಬೇಕು, ಅದು ಮಲಗಿದ ಮೇಲೆ ಇವರು ಮಲಗಬೇಕು. ನಾನು ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಬೆಳಗಿನ ಆರೂವರೆಯ ಬ್ಯಾಚಿಗೆ ಗಣಿತ ಹೇಳುತ್ತಿದ್ದೆ. ಮನೆ ಉಪ್ಪಲ್‌ನಲ್ಲಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ಓಡಿಸುವ ಹೆಂಗಸು ನಾನೊಬ್ಬಳೇ. ನಾನು ರಿವರ್ಸ್ ತೆಗೆಯುವುದನ್ನು ನೋಡಲು ಬಾಲ್ಕನಿಗಳಲ್ಲಿ ಗಂಡಸರು ಹಲ್ಲುಜ್ಜುತ್ತ ನಿಲ್ಲುತ್ತಿದ್ದರು. ಗೋಡೆಗೆ ತಾಗಿಸಿದರೆ ಅವರ ದಿನ ಸಾರ್ಥಕ. ನಾನು ಎರಡು ಸಲ ಸಾರ್ಥಕ ಮಾಡಿಕೊಟ್ಟಿದ್ದೆ.

ಪಾರ್ಕಿಂಗಿಗೆ ಹೊಂದಿಕೊಂಡ ಕೆಳಮಹಡಿಯ ಮನೆಯಲ್ಲಿ ಈರಣ್ಣ ಕಾಕಾ ಇದ್ದರು. ರಾಯಚೂರು ಕಡೆಯವರು, ಬಸ್ ಡಿಪೋದಲ್ಲಿದ್ದು ನಿವೃತ್ತರಾಗಿ ಮಗ ಸೊಸೆಯ ಜೊತೆ ಬಂದಿದ್ದರು. ಆ ಕಟ್ಟಡದಲ್ಲಿ ಕನ್ನಡದವರೆಂದರೆ ಅವರು ಮತ್ತು ನಾವು. ಮೊದಲ ದಿನವೇ ನನ್ನನ್ನು ನಿಲ್ಲಿಸಿ, "ಯವ್ವಾ, ಯಾವೂರಾಕಿ ನೀ?" ಎಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ತುಮಕೂರಿನಲ್ಲಿ ಪಾಠ ಹೇಳುವ ಹೆಂಗಸನ್ನು ಅಪರಿಚಿತರು ಏಕವಚನದಲ್ಲಿ ಕರೆಯುವುದುಂಟೇ? ಮನೆಗೆ ಬಂದು ಹಾರಾಡಿದೆ. "ಆ ಕಡೆ ಹಾಗೇ ಕಣೆ, ಮಗಳು ಅಂದ್ಕೊಂಡಿದ್ದಾರೆ" ಎಂದು ಗಂಡ ನಕ್ಕರು.

ಆಮೇಲೆ ದಿನಾ ಬೆಳಗ್ಗೆ ಕಾಕಾ ಪೇಪರ್ ಕೆಳಗಿಳಿಸಿ ಕೇಳುವರು, "ಚಾ ಕುಡದೀ ಏನವ್ವಾ? ಸಾವಕಾಶ ಹೋಗು." ಆ ಹೊತ್ತಿಗೆ ಗಂಡ ನಿದ್ದೆಯಲ್ಲಿರುತ್ತಿದ್ದರು. ಸೆಂಟರಿನಲ್ಲಿ ತೆಲುಗು, ಇಂಗ್ಲಿಷು. ಎಷ್ಟೋ ದಿನ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡವೆಂದರೆ ಅಷ್ಟೇ. ಯಾವಾಗ ಅದು ಅಭ್ಯಾಸವಾಯಿತೋ ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಕಾರಿನ ಮುಂದಿನ ಎಡಗಾಲಿ ಕಾಟ ಕೊಡಲು ಶುರುಮಾಡಿತು. ಸಂಜೆ ಗಾಳಿ ತುಂಬಿಸಿದರೆ ಮೂರನೆಯ ಬೆಳಗ್ಗೆ ನೆಲಕ್ಕೆ ಕೂತಿರುತ್ತಿತ್ತು. ಎರಡು ಸಲ ಕ್ಲಾಸಿಗೆ ತಡವಾಯಿತು. ಇನ್ನೊಮ್ಮೆ ಆದರೆ ಬ್ಯಾಚು ಬೇರೆಯವರಿಗೆ ಎಂದರು ಸೆಂಟರಿನವರು. ಸೆಂಟರಿನ ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬು ಬಿಚ್ಚಿ, ಗಾಳಿ ತುಂಬುವ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು, ಉಳಿದದ್ದನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆಯಿಲ್ಲ, ತೂತಿಲ್ಲ ಎಂದ. ತೂತಿಲ್ಲ, ಆದರೂ ಗಾಳಿ ಹೋಗುತ್ತದೆ; ಹಾಗಾದರೆ ಯಾರೋ ಬಿಡುತ್ತಿದ್ದಾರೆ. ಗಣಿತ ಹೇಳುವವಳ ತರ್ಕ ಹೇಗಿದೆ ನೋಡಿ. ಬಿಡುವವರು ಯಾರು? ಹಿಂದಿನ ವಾರವಷ್ಟೇ ಕಾಕಾ, "ಗಾಡಿ ಅಷ್ಟು ಮುಂದಕ್ಕ ಹಚ್ಚವ್ವಾ, ಹೊಗಿ ಮನ್ಯಾಗ ಬರಾಕತ್ತೈತಿ" ಎಂದಿದ್ದರು. ನಾನು ಮುಂದಕ್ಕೆ ನಿಲ್ಲಿಸಿರಲಿಲ್ಲ.

ಮೂರನೆಯ ಸಲ ಗಾಲಿ ಕೂತ ದಿನ ವಾಚ್‌ಮನ್ ದನಿ ತಗ್ಗಿಸಿ, "ಪೊದ್ದುಗಾಲ ಆ ಪೆದ್ದಾಯನ ಮೀ ಬಂಡಿ ಕಾಡ ಕೂಸುನ್ನಡಮ್ಮ" ಎಂದ. ಬೆಳಗಾಗುತ್ತಲೇ ಆ ಹಿರಿಯರು ನಿಮ್ಮ ಗಾಡಿಯ ಹತ್ತಿರ ಕೂತಿದ್ದರು ಎಂದು. ನನಗೆ ಅಷ್ಟು ಸಾಕಾಯಿತು. ಕಾಕಾ ಕುರ್ಚಿಯಿಂದ ಏಳುವಷ್ಟರಲ್ಲಿ ಎದುರಿಗೆ ನಿಂತಿದ್ದೆ.

"ಏನ್ರೀ ಮಾಡ್ತಿದ್ರಿ ನನ್ನ ಗಾಡಿ ಹತ್ರ?"

"ಯವ್ವಾ, ನಿನಗ ಹೇಳಬೇಕಂತನ ಕುಂತಿದ್ದೆ. ಗಾಳಿ ಯಾಕ ಇಳಿತೈತಿ ಅಂತ ಉಗುಳು ಹಚ್ಚಿ…"

ಮುಂದಿನ ಮಾತು ಆಡಲು ನಾನು ಬಿಡಲಿಲ್ಲ. "ಉಗುಳಿದ್ರಾ? ನನ್ನ ಗಾಡಿಗೆ ಉಗುಳಿದ್ರಾ? ವಯಸ್ಸಾದೋರು, ನಾಚಿಕೆ ಆಗಲ್ವಾ ನಿಮಗೆ?" ಬಾಲ್ಕನಿಗಳು ತುಂಬಿದವು. ಎಲ್ಲರಿಗೂ ಅರ್ಥವಾಗಲಿ ಎಂದು ಹಿಂದಿಯಲ್ಲೂ ಕೂಗಿದೆ, ತೆಲುಗಿನಲ್ಲೂ ಕೂಗಿದೆ. ನನಗೆ ಇಷ್ಟೊಂದು ತೆಲುಗು ಬರುತ್ತದೆಂದು ಆವತ್ತೇ ಗೊತ್ತಾದದ್ದು. ಕಾಕಾ ಪೇಪರ್ ಮಡಚಿಕೊಂಡು ಒಳಗೆ ಹೋದರು. ಸೊಸೆ ಬಾಗಿಲು ಹಾಕಿಕೊಂಡಳು. ನಾನು ಗೆದ್ದೆ ಎಂದುಕೊಂಡೆ.

ಆವತ್ತು ಆಟೋ ಹಿಡಿದು ಹೇಗೋ ಬ್ಯಾಚು ಉಳಿಸಿಕೊಂಡೆ. ಗಾಳಿ ಮಾತ್ರ ಇಳಿಯುತ್ತಲೇ ಇತ್ತು. ನಾಲ್ಕು ದಿನದ ಮೇಲೆ ಉಪ್ಪಲ್ ರಸ್ತೆಯ ಬೇರೊಂದು ಅಂಗಡಿಗೆ ಹೋದೆ. ಅಲ್ಲಿದ್ದ ಬಿಳಿಗಡ್ಡದ ಸಾಬರು ಟೈರು ಬಿಚ್ಚಲೇ ಇಲ್ಲ. ಗಾಳಿ ತುಂಬಿ, ತೋರುಬೆರಳನ್ನು ನಾಲಿಗೆಗೆ ಒತ್ತಿ, ಆ ಉಗುಳನ್ನು ಗಾಳಿ ತುಂಬುವ ವಾಲಿನ ಬಾಯಿಗೆ ಸವರಿ ನೋಡುತ್ತ ಕೂತರು. ಸಣ್ಣ ಗುಳ್ಳೆಯೊಂದು ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. "ಟ್ಯೂಬ್ ಮೇಂ ಕುಚ್ ನೈ ಮೇಡಂ, ವಾಲ್ ಖರಾಬ್ ಹೈ" ಎಂದು, ಸೋರುತ್ತಿದ್ದ ವಾಲಿನ ಒಳಗಿನ ಪಿನ್ನು ಬದಲಿಸಿದರು. ಎರಡು ನಿಮಿಷದ ಕೆಲಸ. ಅಷ್ಟು ಅಸಹ್ಯ ನನ್ನ ಮೇಲೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆದರೂ ಕಾಕಾನ ಬಾಗಿಲು ತಟ್ಟಲು ಎರಡು ದಿನ ಹಿಡಿಯಿತು. ಜಂಬ ಎಂಬುದು ವಾಲಿನ ಪಿನ್ನಿನಷ್ಟು ಸಲೀಸಾಗಿ ಕಳಚುವುದಿಲ್ಲ. ತಪ್ಪಾಯಿತು ಎಂದೆ. ಕಾಕಾ ಕುರ್ಚಿ ತೋರಿಸಿದರು. ತಾವು ಕೂರಲಿಲ್ಲ.

"ಇರ್ಲಿ ಬಿಡ್ರಿ ಮೇಡಂ. ಡಿಪೋದಾಗ ಮೂವತ್ತು ವರ್ಷ ಟೈರ್ ಮುಟ್ಟಿದ ಕೈ, ಸುಮ್ನ ಕುಂದ್ರಂಗಿಲ್ಲ. ನಿಮ್ಮನ್ನ ಕೇಳಿ ಮುಟ್ಟಬೇಕಿತ್ತು."

"ಕಾಕಾ, ನೀವು ನನಗೆ ರೀ, ಮೇಡಂ ಅಂತೆಲ್ಲ ಅನ್ನಬೇಡಿ."

"ಅನ್ನಬೇಕಾಕ್ಕೈತ್ರಿ. ಮಗಳ ಗಾಡಿ ಅನ್ಕೊಂಡು ಮುಟ್ಟಿದೆ, ಅಲ್ಲೇ ತಪ್ಪಾತು."

ಅವರು ವ್ಯಂಗ್ಯವಾಡಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮರುದಿನ ಬೆಳಗ್ಗೆ ಪೇಪರ್ ಕೆಳಗಿಳಿಸಿ, "ಸಾವಕಾಶ ಹೋಗ್ರಿ, ಮೇಡಂ" ಎಂದರು. ನಾವು ಮನೆ ಬದಲಿಸುವ ತನಕ, ಎರಡು ವರ್ಷ, ಒಂದು ದಿನವೂ ತಪ್ಪದೆ ಹಾಗೇ ಎಂದರು. ಚಹಾದ ವಿಷಯ ಮತ್ತೆ ಕೇಳಲಿಲ್ಲ. ನಾನು ಕೂಗಿದಷ್ಟೇ ಗಟ್ಟಿಯಾಗಿ, ಎಲ್ಲ ಬಾಲ್ಕನಿಗಳ ಮುಂದೆ, ಅವರೂ ನನ್ನನ್ನು ಬೈಯಬೇಕಿತ್ತು. ಬೈಯಲಿಲ್ಲವಲ್ಲ ಎಂದು ಅವರ ಮೇಲೂ ನನಗೆ ಸಿಟ್ಟಿದೆ. ಸುಳ್ಳೇಕೆ ಹೇಳಲಿ?

ಕಾಕಾ ಈಗಿಲ್ಲ. ನಾನು ಇನ್ನೂ ಇದೇ ಊರಿನಲ್ಲಿದ್ದೇನೆ. ಸೆಂಟರಿನಲ್ಲಿ, ಬಂಕಿನಲ್ಲಿ, ಲಿಫ್ಟಿನಲ್ಲಿ ಎಲ್ಲರೂ ನನಗೆ ಮೇಡಂ ಅನ್ನುತ್ತಾರೆ. ಬೇಕೆಂದು ಹಟ ಹಿಡಿದಿದ್ದ ಬಹುವಚನ ಬೇಡವೆಂದರೂ ಸಿಗುತ್ತಿದೆ. ಇಷ್ಟು ದೊಡ್ಡ ಹೈದರಾಬಾದಿನಲ್ಲಿ ನನ್ನನ್ನು "ನೀ" ಎನ್ನುವ ಹಿರಿಯರು ಒಬ್ಬರೇ ಒಬ್ಬರಿದ್ದರು. ಅವರಿಗೆ ಮರ್ಯಾದೆ ಕಲಿಸಿದವಳು ನಾನು.