ಗೈಡ್ ಮಾವ ಮತ್ತು ಏಳು ತಲೆಯ ಘಟಸರ್ಪ

ಗೈಡ್ ಮಾವನ ಬಲಗೈ ತೋರುಬೆರಳು ಯಾವುದನ್ನೂ ಮುಟ್ಟುತ್ತಿರಲಿಲ್ಲ. ತೋರಿಸಬೇಕಾದ ವಸ್ತುವಿಗೆ ಒಂದು ಗೇಣು ದೂರದಲ್ಲಿ, ತುದಿ ತುಸು ಬಾಗಿ, ಗಾಳಿಯಲ್ಲೇ ನಿಲ್ಲುತ್ತಿತ್ತು. ಹಳೇಬೀಡಿನ ದೇವಸ್ಥಾನದಲ್ಲಿ ಜೀವಮಾನವಿಡೀ ಪ್ರವಾಸಿಗರಿಗೆ ಶಿಲ್ಪ ತೋರಿಸಿದವರು ಅವರು. ಕಲ್ಲನ್ನು ಮುಟ್ಟಬಾರದೆಂಬ ನಿಯಮ ಆ ಬೆರಳಿಗೇ ಹತ್ತಿಬಿಟ್ಟಿತ್ತು. ಹೋಟೆಲಿನ ಗಾಜಿನ ಪೆಟ್ಟಿಗೆಯೊಳಗಿನ ಮದ್ದೂರು ವಡೆ ತೋರಿಸುವಾಗಲೂ ಅಷ್ಟೇ, ಚರ್ಚಿನಲ್ಲಿ ಬೈಬಲ್ ಓದುವಾಗಲೂ ಅಷ್ಟೇ. ಬೆರಳು ಸಾಲಿನ ಮೇಲೆ ತೇಲುತ್ತಾ ಹೋಗುತ್ತಿತ್ತು, ಕಾಗದಕ್ಕೆ ತಾಗುತ್ತಿರಲಿಲ್ಲ.

ಅವರು ನನಗೆ ಸ್ವಂತ ಮಾವನೇನಲ್ಲ, ಅಮ್ಮನ ಕಡೆಯ ದೂರದ ನೆಂಟರು. ಅರಸೀಕೆರೆಯ ನಮ್ಮ ಪುಟ್ಟ ಚರ್ಚಿನ ಸಭಾ ಹಿರಿಯರೂ ಆಗಿದ್ದರು. ವಾರವೆಲ್ಲ ಗುಡಿ ತೋರಿಸಿ, ಭಾನುವಾರ ಬೆಳಿಗ್ಗೆ ಜಾವಗಲ್ ಮೇಲೆ ಬರುವ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಮೀಸೆಗೆ ಕಪ್ಪು ಹಚ್ಚಿಕೊಳ್ಳುವ ಶೋಕಿ ಇತ್ತು. ತಮ್ಮ ಹಿಂದಿಯ ಬಗ್ಗೆ ಅಪಾರ ಹೆಮ್ಮೆ. ಅದನ್ನು ಕೇಳಿ ಉತ್ತರದವರು ಇಂಗ್ಲಿಷಿಗೆ ಇಳಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕೀರ್ತನೆ ಹಾಡಲು ನಿಂತರೆ ಶ್ರುತಿಗೂ ಅವರಿಗೂ ಸಂಬಂಧವಿರುತ್ತಿರಲಿಲ್ಲ, ಆದರೆ ದನಿ ಮಾತ್ರ ಎಲ್ಲರಿಗಿಂತ ಮೇಲೆ. ಕ್ರೈಸ್ತರಾಗಿ ಶಿವನ ಗುಡಿ ತೋರಿಸುತ್ತೀರಲ್ಲ ಎಂದು ಯಾರಾದರೂ ಕೆಣಕಿದರೆ, "ಕಡೆದೋರು ನಮ್ಮೂರೋರು, ತೋರ್ಸೋನು ನಮ್ಮೂರೋನು. ನಿಮಗೇನ್ ತೊಂದ್ರೆ ಆಗೈತೆ ಹೇಳ್ರಿ?" ಎನ್ನುತ್ತಿದ್ದರು.

ಆರಾಧನೆ ಮುಗಿದ ಮೇಲೆ ಅವರೊಂದು ಬೈಬಲ್ ತರಗತಿ ನಡೆಸುತ್ತಿದ್ದರು. ಅಲ್ಲಿ ಎಲ್ಲರಿಗೂ ಬೇಕಾಗಿದ್ದುದು ಒಂದೇ, ಕೊನೆಯ ಪುಸ್ತಕ ಪ್ರಕಟನೆ. ಅದರಲ್ಲಿ ಮೃಗಗಳಿವೆ, ಮುದ್ರೆಗಳಿವೆ, ಬೆಂಕಿಯ ಕೆರೆಯಿದೆ, ಲೋಕಾಂತ್ಯವಿದೆ. ಮೃಗದ ಸಂಖ್ಯೆ ಆಧಾರ್ ಕಾರ್ಡಿನದಂತೆ ಹೌದಾ, ಮೃಗದ ಗುರುತು ಲಸಿಕೆಯದಂತೆ ಹೌದಾ ಎಂದು ಜನ ಮೊಬೈಲು ಹಿಡಿದು ಮುತ್ತಿಕೊಳ್ಳುತ್ತಿದ್ದರು. ಗೈಡ್ ಮಾವ ಮೊಬೈಲು ಒಳಗಿಡಿಸಿ ಮೊದಲ ಅಧ್ಯಾಯದಿಂದ ಓದಿಸುತ್ತಿದ್ದರು. ಗುಡಿಯಲ್ಲೂ ಅವರದು ಇದೇ ಹಟ. ಯುದ್ಧದ ಶಿಲ್ಪಗಳಿರುವ ನಡುಗೋಡೆಗೆ ನೇರ ಓಡಿ ಫೋಟೋ ತೆಗೆಯುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಬಾಗಿಲಿಂದ ಶುರುಮಾಡಿ ಪೂರ್ತಿ ಸುತ್ತು ಬರಬೇಕು. ಇಲ್ಲದಿದ್ದರೆ ಯುದ್ಧ ಕಾಣುತ್ತದೆಯೇ ಹೊರತು ಯಾಕೆ ಯುದ್ಧ, ಗೆದ್ದವರು ಯಾರು ಎಂಬುದು ಕಾಣುವುದಿಲ್ಲ ಎನ್ನುತ್ತಿದ್ದರು.

ಈ ಹಟಕ್ಕೆ ಕಾರಣವಿತ್ತು. ಅವರು ಹುಡುಗರಾಗಿದ್ದಾಗ ಯಾರೋ ಬೋಧಕರು ಬಂದು, ಇದೇ ವರ್ಷ ಕರ್ತನು ಇಳಿದು ಬರುತ್ತಾನೆ, ಲೋಕ ಮುಗಿಯುತ್ತದೆ ಎಂದು ದಿನವನ್ನೇ ಗೊತ್ತುಮಾಡಿ ಹೇಳಿದ್ದರಂತೆ. ಅವರ ಅಪ್ಪ ಅದನ್ನು ನಂಬಿ, ತಿನ್ನಲು ಯಾರೂ ಇರುವುದಿಲ್ಲವೆಂದು ಆ ಮುಂಗಾರಿನಲ್ಲಿ ರಾಗಿ ಬಿತ್ತಲೇ ಇಲ್ಲ. ಹೇಳಿದ ದಿನ ಮನೆಮಂದಿಯೆಲ್ಲ ಬಿಳಿ ಬಟ್ಟೆ ಉಟ್ಟು ಊರ ಪಕ್ಕದ ಪುಷ್ಪಗಿರಿ ಬೆಟ್ಟದ ಮೇಲೆ ಕೂತು ಸಂಜೆಯವರೆಗೂ ಆಕಾಶ ನೋಡಿದರು.

"ಕತ್ಲಾಯ್ತು, ಇಳ್ದು ಬಂದ್ವಿ. ಲೋಕ ಇದ್ದಂಗೇ ಐತೆ, ನಮ್ ಹೊಲದಾಗ್ ಮಾತ್ರ ಹುಲ್ಲು," ಎಂದು ಮಾವ ನಗುತ್ತಿದ್ದರು. ಸುಗ್ಗಿಯಲ್ಲಿ ಪಕ್ಕದ ಹೊಲದವರು ಒಂದು ಮಾತೂ ಆಡದೆ, ಕಣದಿಂದಲೇ ರಾಗಿ ಮೂಟೆ ಹೊರಿಸಿ ಕಳಿಸಿದರಂತೆ. "ಆ ವರ್ಸ ಕರ್ತ ಬಂದಿದ್ದು ಆ ಮೂಟೆಯಾಗೆ ಕಣೇ," ಎನ್ನುವಾಗ ಮಾತ್ರ ಅವರ ನಗು ನಿಂತುಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ಒಳ್ಳೆಯ ಮನುಷ್ಯ ಎಂದು ನೆನೆದು ಸುಮ್ಮನಾಗುತ್ತಿದ್ದೆ. ನಮ್ಮ ಮನೆ ಅವರಿಗೆ ಋಣಿಯಾದದ್ದು ನನ್ನ ಅತ್ತಿಗೆಯ ದೆಸೆಯಿಂದ.

ಅಣ್ಣನ ಹೆಂಡತಿ ಕಣಕಟ್ಟೆ ಕಡೆಯವಳು. ಗಟ್ಟಿಗಿತ್ತಿ, ತೆಂಗಿನ ತೋಟದಲ್ಲಿ ಹಾವು ಕಂಡರೆ ತಾನೇ ಕೋಲು ಹುಡುಕುವವಳು. ಎರಡು ಸಲ ಗರ್ಭ ನಿಲ್ಲದೆ ಹೋಗಿ, ಮೂರನೆಯದು ಐದು ತಿಂಗಳು ತುಂಬಿತ್ತು. ಆಗ ಊರಿನ ಕಲ್ಯಾಣ ಮಂಟಪದಲ್ಲಿ, ಲೋಕಾಂತ್ಯದ ಭವಿಷ್ಯ ಸಾರುವ ಪ್ರವಾದನೆಯ ಕೂಟ ಏರ್ಪಾಟಾಯಿತು. ಹೊರಗಿನಿಂದ ಬಂದಿದ್ದ ಬೋಧಕರಿಗೆ ಒಳ್ಳೆಯ ಕಂಠವಿತ್ತು. ಅವರ ಹಿಂದೆ, ಪ್ರಕಟನೆಯ ದೃಶ್ಯವಿದ್ದ ಗೋಡೆಯಗಲದ ಬಟ್ಟೆಯ ಚಿತ್ರ ತೂಗುತ್ತಿತ್ತು. ಹೆರಿಗೆ ನೋವಿನಲ್ಲಿ ಕೂಗುತ್ತಿರುವ ಹೆಂಗಸು. ಅವಳ ಮುಂದೆ, ಹುಟ್ಟುವ ಮಗುವನ್ನು ನುಂಗಲು ಬಾಯಿ ತೆರೆದು ನಿಂತ ಏಳು ತಲೆಯ ಕೆಂಪು ಘಟಸರ್ಪ. ಆ ದಿನಗಳು ಬಂದೇ ಬಿಟ್ಟಿವೆ, ಈಗ ಬಸಿರಾಗಿರುವವರ ಗತಿಯೇನು ಎಂದು ಅವರು ಕೇಳಿದಾಗ ಅತ್ತಿಗೆಗೆ ತಲೆ ಸುತ್ತಿ ಬಂತು. ನಾನೇ ಅವಳನ್ನು ಎಬ್ಬಿಸಿಕೊಂಡು ಮನೆಗೆ ಕರೆತಂದೆ.

ಮಾರನೆಯ ದಿನದಿಂದ ಅವಳು ಸರಿಯಾಗಿ ಊಟ ಮಾಡಲಿಲ್ಲ. ಹೊಲಿದಿಟ್ಟಿದ್ದ ಕುಲಾವಿಗಳನ್ನು ಟ್ರಂಕಿನ ತಳಕ್ಕೆ ಹಾಕಿದಳು. "ಹುಟ್ಟಿ ಅದರ ಬಾಯಿಗೆ ಬೀಳೋದಾದ್ರೆ ಯಾಕ್ ಹುಟ್ಬೇಕು?" ಎಂದು ಒಂದೇ ಮಾತು. ಅಣ್ಣ ತಮಾಷೆ ಮಾಡಿ ಹಗುರಾಗಿಸಲು ಹೋಗಿ ಬೈಸಿಕೊಂಡ. ಅಮ್ಮ ಪ್ರಾರ್ಥನೆ ಮಾಡು ಎಂದಳು. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ ಎಂದು ಅತ್ತಿಗೆ ಕಣ್ಣು ಮುಚ್ಚಲೂ ಹೆದರಿದಳು. ತೂಕ ಇಳಿದಿದೆ, ಬಿಪಿ ಏರಿದೆ, ಹೀಗೇ ಆದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು ಗೈಡ್ ಮಾವನಿಗೆ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿ, "ನಾನ್ ಅಲ್ಲಿಗ್ ಬರಲ್ಲ. ಅವಳ್ನೇ ಕರ್ಕೊಂಡ್ ಬಾ. ಬಸ್ ಬೇಡ, ಕಾರಾಗೆ ನಿಧಾನಕ್ ಬನ್ನಿ. ಬಿಸ್ಲು ಇಳೀಲಿ," ಎಂದರು. ಬಸುರಿಯನ್ನು ಗುಡಿ ಸುತ್ತಿಸುತ್ತಾರಾ ಈ ಮನುಷ್ಯ ಎಂದು ನನಗೆ ಸಿಟ್ಟೇ ಬಂತು. ಬೇರೆ ದಾರಿ ಕಾಣದೆ ಕರೆದುಕೊಂಡು ಹೋದೆ.

ಸಂಜೆಯಾಗಿದ್ದರೂ ಗುಡಿಯ ಜಗಲಿಕಲ್ಲು ಬೆಚ್ಚಗಿತ್ತು. ಮಾವ ಚೀಲದಿಂದ ಒಗೆದ ಕಾಲುಚೀಲ ತೆಗೆದು ಅತ್ತಿಗೆಗೆ ಹಾಕಿಸಿದರು. ಗೋಡೆಯ ಕೆಳಸಾಲುಗಳ ಮುಂದೆ ನಿಲ್ಲಿಸಿ, "ಇದೇನಮ್ಮ?" ಎಂದರು.

"ಮೊಸಳೆ," ಎಂದಳು ಅತ್ತಿಗೆ, ಮನಸ್ಸಿಲ್ಲದೆ.

"ಸೊಂಡ್ಲು ನೋಡು, ಆನೇದು. ಬಾಲ ನವಿಲಿಂದು. ಇದು ಮಕರ. ಇಂಥದ್ದು ನಿಮ್ಮೂರ್ ಕೆರ್ಯಾಗೆ ಐತಾ?"

"ಇಲ್ಲ."

"ನಮ್ ಕೆರ್ಯಾಗೂ ಇಲ್ಲ. ಕಡೆದೋನ್ಗೂ ಗೊತ್ತಿತ್ತು. ಇಂಥ ಪ್ರಾಣಿ ಐತೆ ಅನ್ನೋಕೆ ಕಡೀಲಿಲ್ಲ ಅವನು. ನೀರಿನ ಶಕ್ತಿ ಕಣ್ಣಿಗ್ ಕಾಣಲಿ ಅಂತ ನಾಕಾರು ಪ್ರಾಣಿ ಸೇರ್ಸಿ ಒಂದ್ ಮಾಡ್ದ. ಪ್ರಕಟನೆ ಬರ್ದೋನೂ ಹಂಗೇಯ. ಅವನ ಕಾಲದಾಗೆ ಚಕ್ರವರ್ತಿ ನಮ್ಮೋರ್ನ ಹಿಡಿದು ಕೊಲ್ಲಿಸ್ತಿದ್ದ. ಹೆಸರು ಹೇಳಿ ಬರದ್ರೆ ಓದಿದೋರ ತಲೆ ಹೋಗೋದು. ಅದಕ್ಕೇ ಚಿರತೆ ಮೈ, ಕರಡಿ ಕಾಲು, ಸಿಂಹದ ಬಾಯಿ ಸೇರ್ಸಿ ಒಂದು ಮೃಗ ಮಾಡ್ದ. ಅವನ ಜನಕ್ಕೆ ಅರ್ಥ ಆಯ್ತು."

ಅತ್ತಿಗೆಗೆ ರೇಗಿತು. "ನೀವು ಪ್ರವಾಸಿಗ್ರಿಗೆ ಹೇಳ್ದಂಗೆ ನಂಗ್ ಹೇಳ್ಬೇಡಿ ಮಾವ. ಯಾವ್ ರಾಜನೋ ಏನೋ. ಅದು ಮಗು ನುಂಗೋಕೆ ಬಾಯ್ ತಕ್ಕೊಂಡ್ ನಿಂತಿತ್ತು. ನಾನ್ ನೋಡ್ದೆ."

ಮಾವ ಬೆರಳು ಕೆಳಗಿಳಿಸಿ, ಗೋಡೆ ಬಿಟ್ಟು ಅವಳ ಕಡೆ ತಿರುಗಿದರು. ಶಾಲಾ ಮಕ್ಕಳ ಗುಂಪೊಂದು ಗಲಾಟೆ ಮಾಡುತ್ತಾ ನಮ್ಮನ್ನು ದಾಟಿ ಹೋಯಿತು. ಆಮೇಲೆ ಮೆಲ್ಲಗೆ ಕೇಳಿದರು: "ಮಗು ಏನಾಯ್ತಮ್ಮ?"

"ಯಾವ ಮಗು?"

"ಆ ಹೆಂಗಸಿನ ಮಗು. ಹುಟ್ತಲ್ಲ, ಏನಾಯ್ತು?"

ಅತ್ತಿಗೆ ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ. ಬೋಧಕರು ಅದನ್ನು ಹೇಳಿದ್ದರೋ ಇಲ್ಲವೋ, ನಾವು ಅಷ್ಟರಲ್ಲಿ ಎದ್ದು ಬಂದಿದ್ದೆವು. ಬಟ್ಟೆಯ ಚಿತ್ರದಲ್ಲಂತೂ ಆ ಬಾಯಿಯ ಆಚೆಗೆ ಏನೂ ಇರಲಿಲ್ಲ. ಇಷ್ಟು ದಿನ ಆ ಮಗುವಿಗಾಗಿ ನಡುಗಿದವಳು, ಅದು ಏನಾಯಿತೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹುಲ್ಲುಹಾಸಿನ ಕಲ್ಲುಬೆಂಚಿನ ಮೇಲೆ ಅವಳನ್ನು ಕೂರಿಸಿ ಬೈಬಲ್ ತೆರೆದು ಅವಳ ಕೈಗೇ ಕೊಟ್ಟರು. "ನಾನ್ ಓದಲ್ಲ. ನೀನೇ ಓದು, ಜೋರಾಗಿ." ಅತ್ತಿಗೆ ತಡವರಿಸುತ್ತಾ ಓದಿದಳು. ಸೂರ್ಯನನ್ನು ಹೊದ್ದ ಹೆಂಗಸು ಬಂದಳು, ಘಟಸರ್ಪ ಬಂತು, ಅಲ್ಲಿ ದನಿ ಉಡುಗಿತು. ಮಾವ ಕಾದರು. ಮುಂದಿನ ಸಾಲಿನಲ್ಲಿ ಮಗು ಹುಟ್ಟಿತು. ಘಟಸರ್ಪ ಬಾಯಿ ಮುಚ್ಚುವ ಮೊದಲೇ ಅದನ್ನು ದೇವರು ತನ್ನ ಸಿಂಹಾಸನಕ್ಕೇ ಎತ್ತಿಕೊಂಡಿದ್ದ. ತಾಯಿಗೂ ಅಡವಿಯಲ್ಲಿ ಒಂದು ಜಾಗ ಸಿದ್ಧವಾಗಿತ್ತು. ಅವಳನ್ನು ಕೊಚ್ಚಿಕೊಂಡು ಹೋಗಲೆಂದು ಘಟಸರ್ಪ ಹೊಳೆಯನ್ನೇ ಕಾರಿತು. ಆಗ ಭೂಮಿ ಬಾಯಿ ತೆರೆದು ಅಷ್ಟೂ ನೀರು ಕುಡಿದು ಅವಳನ್ನು ಕಾಪಾಡಿತು.

"ಭೂಮಿ ಕುಡಿದ್ಬಿಡ್ತಾ?" ಎಂದಳು ಅತ್ತಿಗೆ. ಓದಿದವಳೇ ಅವಳು, ಆದರೂ ಅವರನ್ನು ಕೇಳಿದಳು.

"ಕುಡಿದ್ಬಿಡ್ತು. ಆ ಹೆಂಗಸು ಕರ್ತನ ತಾಯಿ ಮರಿಯಮ್ಮ ಅಂತಾರೆ, ಇಸ್ರೇಲ್ ಅಂತಾರೆ, ನಂಬಿದೋರ ಸಭೆ ಅಂತಾರೆ. ಓದ್ದೋರೆಲ್ಲ ಇನ್ನೂ ಜಗಳ ಆಡ್ತಾವ್ರೆ, ಆಡ್ಲಿ. ಆದ್ರೆ ಇದ್ನ ಹೆದರಿಸೋಕೆ ಬರೀಲಿಲ್ಲ ಕಣಮ್ಮ. ಹೆದರಿ ಕೂತಿದ್ದೋರಿಗೆ ಬರ್ದಿದ್ದು."

ಅತ್ತಿಗೆ ಅತ್ತಳು. ಬಹಳ ಹೊತ್ತು ಅತ್ತು, ಕಣ್ಣೊರೆಸಿಕೊಂಡು, ಹೊಟ್ಟೆ ಹಸಿಯುತ್ತಿದೆ ಎಂದಳು. ಹೊರಗಿನ ಗಾಡಿಯಲ್ಲಿ ಒಂದಾದ ಮೇಲೊಂದು ಎರಡು ಪೊಟ್ಟಣ ಚುರುಮುರಿ ತಿಂದಳು. ಖಾರ ಜಾಸ್ತಿಯಾಯಿತೆಂದು ನಾನು ತಡೆಯಲು ಹೋದರೆ ಇಬ್ಬರೂ ಸೇರಿ ನನ್ನನ್ನೇ ಗದರಿದರು.

ಭಯ ಒಂದೇ ಸಂಜೆಗೆ ಓಡಿಹೋಗಲಿಲ್ಲ. ಮತ್ತೆ ಕೆಲವು ಸಲ ಬಂತು. ಮಾವ ದಿನಾ ಫೋನ್ ಮಾಡುತ್ತಿದ್ದರು. ಪ್ರವಾದನೆಯ ಮಾತು ಎತ್ತುತ್ತಲೇ ಇರಲಿಲ್ಲ, "ಏನ್ ಸಾರು ಇವತ್ತು?" ಎಂದು ಕೇಳಿ, ಸೊಪ್ಪಿನ ಸಾರೆಂದರೆ ಖುಷಿಪಟ್ಟು ಇಟ್ಟುಬಿಡುತ್ತಿದ್ದರು. ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು. ನೋಡಲು ಬಂದ ಮಾವ ತೊಟ್ಟಿಲ ಪಕ್ಕ ನಿಂತು ಏನೇನೋ ಹೇಳಲು ಬಾಯಿ ತೆರೆದು, ಕೊನೆಗೆ ಒಂದು ಕೀರ್ತನೆ ಹಾಡಿದರು. ಮಗು ಬೆಚ್ಚಿ ಅತ್ತಿತು.

ಹೋದ ವರ್ಷ ಮಾಗಿಯಲ್ಲಿ ಮಾವ ತೀರಿಕೊಂಡರು. ಮಧ್ಯಾಹ್ನ ಗುಡಿಯಿಂದ ಬಂದು, ಊಟ ಮಾಡಿ ಮಲಗಿದವರು ಏಳಲಿಲ್ಲ. ಹಳೇಬೀಡಿನಲ್ಲೇ ಮಣ್ಣು ಮಾಡಿದೆವು. ಗುಡಿಯ ಗೈಡುಗಳು, ಎಳನೀರಿನವರು, ಬಸದಿಯ ಕಾವಲುಗಾರ, ಎಲ್ಲರೂ ಬಂದಿದ್ದರು. ಕರ್ತನು ಬರುವ ದಿನ ಸತ್ತವರು ಎದ್ದು ಬರುತ್ತಾರೆ ಎಂಬ ವಾಕ್ಯವನ್ನು ಪಾದ್ರಿಗಳು ಓದಿದರು. ಮಕ್ಕಳ ಕೈಯಲ್ಲೂ ಒಂದೊಂದು ಹಿಡಿ ಮಣ್ಣು ಹಾಕಿಸಿದರು. ಅತ್ತಿಗೆಯ ಮಗಳು ಈಗ ಒಂದನೇ ಕ್ಲಾಸು. ಮಣ್ಣು ಹಾಕಿ, ಕೈ ಲಂಗಕ್ಕೆ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಅಮ್ಮನನ್ನು ಕೇಳಿದಳು: "ಅಮ್ಮಾ, ತಾತ ಮತ್ತೆ ಯಾವಾಗ ಏಳ್ತಾರೆ?"

ಸುತ್ತ ನಿಂತವರು ಸೆರಗಿನಲ್ಲಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನನಗೂ ದುಃಖ ತಡೆಯಲಾಗಲಿಲ್ಲ. ಅತ್ತಿಗೆ ಮಾತ್ರ ಬಗ್ಗಿ, ಮಗಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಯಾವಾಗ ಅಂತ ಗೊತ್ತಿಲ್ಲ ಕಂದ. ಏಳ್ತಾರೆ."