ಉಮಾಶ್ರೀಯ ಪೆಟಗಿ ಮ್ಯಾಲೆ ಬಿದ್ದ ಭಂಡಾರ

ಜಮಖಂಡಿಯ ಒಂದು ಕಾಲೇಜು. ಹೆಸರು ಹೇಳೂದಿಲ್ಲ, ಹೇಳಾಕ ನಾಚಿಕಿ ಬರತೈತಿ. ಅಲ್ಲಿ ಲ್ಯಾಬಿನ ಜವಾನ ನಾನು, ಪಾಂಡಪ್ಪ. ಇಪ್ಪತ್ತು ವರ್ಷದಾಗ ಖರೆ ಕೆಲಸ ಮಾಡಿದವರನ್ನ ಒಬ್ಬಾಕಿನ್ನ ಅಷ್ಟ ನೋಡೇನಿ, ಅನಗವಾಡಿಯ ಉಮಾಶ್ರೀ, ನಮ್ಮ ಕಾಲೇಜಿನ್ಯಾಗ ಫಿಜಿಕ್ಸ್ ಕಲಸೂ ಟೆಂಪರರಿ ಮೇಡಂ. ಉಳದವರೆಲ್ಲಾ ಸಹಿ ಹಾಕಿ ಚಾ ಕುಡಿಯೂ ಗಿರಾಕಿಗೋಳು.

ಅಪ್ಪ ಗಿರಮಲ್ಲಪ್ಪ ಕುರಿ ಕಾಯ್ದು ಓದಿಸಿದ ಮಗಳು. ಸ್ಟೋರ್ ರೂಮಿನ ಮುರಕಲು ಬೆಂಚ ಸರಿಸಿ, ಮೂರು ವರ್ಷ ಕುಂತು, ಬುತ್ತಿ ಡಬ್ಬಿಯಷ್ಟು ಒಂದು ಲೇಸರ್ ಪೆಟಗಿ ಕಟ್ಟಿದಳು. ಅದರ ಬೆಳಕು ಸೆಕೆಂಡಿಗೆ ಹತ್ತು ಕೋಟಿ ಸಲ ಮಿಂಚಿ ಆರತೈತಿ. ಆ ಮಿಂಚು ಬಿಡಿಸಿ ನೋಡಿದ್ರ ಹಣಿಗಿ ಹಲ್ಲಿನಂಗ ಸಮಾ ಅಂತರದ ಗೆರಿ. ಬ್ಯಾರೆ ಬೆಳಕು ಸೆಕೆಂಡಿಗೆ ಎಷ್ಟು ಸಲ ನಡಗತೈತಿ ಅನ್ನೂದನ್ನ ಆ ಹಲ್ಲಿಗೆ ಹಚ್ಚಿ ಅಳೀಬಹುದು. ಏಳನೇತ್ತ ನಪಾಸಾದ ನನಗ ತಿಳೀತು. ಕಾಲೇಜಿನ ಆಡಳಿತ ಮಂಡಳಿ ಅಧ್ಯಕ್ಷ ಚನಮಲ್ಲಪ್ಪಗ ತಿಳೀಲಿಲ್ಲ. "ಇಷ್ಟ ಸಣ್ಣದ ಯಾಕ? ದೊಡ್ಡದ ಮಾಡಬೇಕಿತ್ತಿಲ್ಲ?" ಅಂದ ಪುಣ್ಯಾತ್ಮ. ಮಂಗ್ಯಾನ ಕೈಯಾಗ ಮಾಣಿಕ!

ಒಂದಿನ ಮಧ್ಯಾಹ್ನ ಮೂರಕ್ಕ ಪರೀಕ್ಷಾ ಮಾಡೂ ವಿಜ್ಞಾನಿಗೋಳು ಬರೂರಿದ್ರು. ಪೆಟಗಿ ಅವರ ಮುಂದ ಒಂದು ತಾಸು ತಪ್ಪದ ನಡದ್ರ ಆಕಿಗಿ ಸ್ವಂತ ಲ್ಯಾಬು, ಕಾಯಂ ನೌಕರಿ. ಇಲ್ಲಂದ್ರ ಆ ಸ್ಟೋರ್ ರೂಮೂ ಬಿಡಬೇಕು.

ಚನಮಲ್ಲಪ್ಪ ಅವತ್ತ ಮುಂಜಾನೆ ಹನ್ನೊಂದಕ್ಕ ಪೆಟಗಿಗೆ ಪೂಜಾ ಇಟಗೊಂಡ, ಫೋಟೋದವನನ್ನೂ ಕರಸಿದ. "ಮುಚ್ಚಳ ತಗೀಲೇ ಪಾಂಡ್ಯಾ, ಒಳಗ ಇರೂದು ಫೋಟೋದಾಗ ಬರಲಿ."

"ಬ್ಯಾಡ್ರಿ ಸರ್," ಅಂದಳು ಉಮಾಶ್ರೀ, "ಚಾಲೂ ಐತಿ. ಧೂಳ ಹೊಕ್ಕರ ಒಳಗಿನ ಕನ್ನಡಿ ಸುಡತೈತ್ರಿ."

"ನನಗ ಸಾಲಿ ಕಲಸ್ತೀಯೇನ? ತಗೀಲೇ!"

ಮುಚ್ಚಳ ತಗದಾತು.

ಪೂಜಾಕ್ಕಂತ ಊರಿಂದ ಬಂದಿದ್ದ ಗಿರಮಲ್ಲಪ್ಪ ಮಗಳ ಯಂತ್ರ ಮೊದಲ ಸಲ ನೋಡಿದ. ಹೊಸ ಟ್ರ್ಯಾಕ್ಟರ್ ಇರಲಿ, ಬೋರಿನ ಮೋಟರ್ ಇರಲಿ, ಅವರ ಮನ್ಯಾಗ ಬೀರಪ್ಪ ದೇವರ ಭಂಡಾರ ಬೀಳಲಾರದ ಯಾವುದೂ ಶುರು ಆಗೂದಿಲ್ಲ. ಮುದುಕ ಕಣ್ಣ ಒರಸಿಗೊಂಡು, ಸೊಂಟದ ಚೀಲಕ್ಕ ಕೈ ಹಾಕಿ, "ಬೀರಪ್ಪ ಚಾಂಗಭಲೋ!" ಅಂತ ಒಂದು ಮುಷ್ಟಿ ಭಂಡಾರದ ಅರಿಷಿಣ ಪುಡಿ ಪೆಟಗಿ ಮ್ಯಾಲೆ ತೂರಿದ. ಎಲ್ಲಾರೂ ಚಪ್ಪಾಳಿ ಹೊಡದ್ರು, ಥೂ! ಪೆಟಗಿಗೆ ಹಚ್ಚಿದ ಪರದೆ ಮ್ಯಾಲಿನ ಬೆಳಕಿನ ಹಲ್ಲು ಒಮ್ಮೆಲೇ ಉದುರಿ ಹೋದವು. ಕನ್ನಡಿ ಮ್ಯಾಲೆ ಅರಿಷಿಣ ಸುಟ್ಟು ಕರ್ರಗ ಹತ್ತಿತ್ತು.

"ಯಾಕವ್ವಾ, ಮಾರಿ ಸಣ್ಣ ಮಾಡೀದಿ?" ಅಂದ ಮುದುಕ.

"ಏನಿಲ್ಲಪ್ಪಾ, ಛಲೋ ಆತು. ಊಟಾ ಮಾಡ ನಡಿ."

ಮೂರಕ್ಕ ವಿಜ್ಞಾನಿಗೋಳು ಬಂದ್ರು. ಕೆಟ್ಟ ಕನ್ನಡಿ ನೋಡಿ, ಮುಚ್ಚಳ ಯಾರು ತಗದ್ರಿ ಅಂತ ಕೇಳಿದ್ರು. ಚನಮಲ್ಲಪ್ಪ ಮೊಬೈಲಿನ್ಯಾಗ ತನ್ನ ಫೋಟೋ ನೋಡಾಕತ್ತಿದ್ದ. ಹೊರಗ ಕಟ್ಟಿ ಮ್ಯಾಲೆ ಅಪ್ಪ ಕುಂತಿದ್ದ. ಅವನ ಕಿವಿಗಿ ಬೀಳಬಾರದಂತ ಉಮಾಶ್ರೀ ಸಣ್ಣ ದನಿಲೆ ಅಂದಳು, "ನಾನ ತಗದೇನ್ರಿ. ತಪ್ಪು ನಂದು."

ಈಗ ಆಕಿ ತೇರದಾಳದಾಗ ಟ್ಯೂಶನ್ ಹೇಳತಾಳು. ಗಿರಮಲ್ಲಪ್ಪ ಸಿಕ್ಕಾಗೆಲ್ಲಾ, "ಮಗಳ ಮಶೀನು ಹೆಂಗೈತ್ರಿ?" ಅಂತ ನನ್ನ ಕೇಳತಾನು.

ಚನಮಲ್ಲಪ್ಪನಂಥ ಹೇಡಿ ಈ ಸೀಮಿಯೊಳಗ ಇಲ್ಲಂತ ನಾ ಊರ ತುಂಬ ಹೇಳಿಗೋತ ತಿರಗತೇನಿ. ಅವತ್ತು ಆಕಿ ತಪ್ಪು ನಂದು ಅಂದಾಗ ಆ ಮುಚ್ಚಳ ಬಿಚ್ಚಿದ ಸ್ಕ್ರೂಡ್ರೈವರ್ ನನ್ನ ಕಿಸೇದಾಗಿತ್ತು. ನಾನೂ ಬಾಯಿ ತಗೀಲಿಲ್ಲ.